ಬಯೋಮೆಟ್ರಿಕ್ ಗುರುತಿಸುವಿಕೆ: ಭಾರತದಲ್ಲಿ ಅದರ ಇತಿಹಾಸ

ಬೆರಳಚ್ಚು, ಕಣ್ಣಿನ ಪಾಪೆಯ ಸುತ್ತಲಿರುವ ಐರಿಸ್ ಎಂಬ ಬಣ್ಣದ ಪಟಲ, ಮುಖದ ಆಕಾರ, ದನಿ ಮೊದಲಾದ ದೇಹಲಕ್ಷಣಗಳನ್ನು ಅಳೆದು ದಾಖಲಿಸಿಟ್ಟುಕೊಂಡು, ಮುಂದೆ ವ್ಯಕ್ತಿ ಎದುರಾದಾಗ ಆ ದಾಖಲೆಯೊಡನೆ ತಾಳೆ ನೋಡಿ ಇಂಥವನೇ ಎಂದು ನಿರ್ಧರಿಸುವ ಪದ್ಧತಿಗೆ ಬಯೋಮೆಟ್ರಿಕ್ ಗುರುತಿಸುವಿಕೆ ಎಂದು ಹೆಸರು. ಕಾಗದಪತ್ರ ಕಳೆದುಹೋಗಬಹುದು, ಗುಟ್ಟಿನ ಸಂಖ್ಯೆ ಮರೆತುಹೋಗಬಹುದು, ಬೆರಳು ಮಾತ್ರ ಮನುಷ್ಯನ ಜೊತೆಗೇ ಇರುತ್ತದೆ ಎಂಬುದು ಇದರ ಬಲ; ಕಳುವಾದ ಗುಟ್ಟಿನ ಸಂಖ್ಯೆಯನ್ನು ಬದಲಿಸಿದ ಹಾಗೆ ಬೆರಳನ್ನು ಬದಲಿಸಲು ಬಾರದು ಎಂಬುದು ಇದರ ಅಪಾಯ. ಬೆರಳಚ್ಚು ಆಡಳಿತದ ಸಾಧನವಾಗಿ ರೂಪುಗೊಂಡದ್ದು ಯೂರೋಪಿನ ರಾಜಧಾನಿಗಳಲ್ಲಲ್ಲ, ಬ್ರಿಟಿಷರ ಕಾಲದ ಬಂಗಾಳದಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ಇತಿಹಾಸವನ್ನು ನೋಡಿದರೆ, ತಾಳೆ ನೋಡುವ ವಿಧಾನದ ನಿಖರತೆಯಷ್ಟೇ, ಗುರುತು ತಾಳೆಯಾಗದೆ ಹೋದಾಗ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಯೂ ಮುಖ್ಯವಾಗಿ ಕಾಣುತ್ತದೆ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಹಾಕುವ ಜಲ್ಲಿಯನ್ನು ಒದಗಿಸಲು ಒಪ್ಪಿದ್ದ ರಾಜ್ಯಧರ್ ಕೋನಾಯ್ ಎಂಬ ಗುತ್ತಿಗೆದಾರನ ಬಲಗೈಗೆ ಕಚೇರಿಯ ಮೊಹರಿಗೆ ಬಳಸುವ ಎಣ್ಣೆಮಸಿಯನ್ನು ಬಳಿದು, ಒಪ್ಪಂದ ಪತ್ರದ ಹಿಂಬದಿಯ ಮೇಲೆ ಇಡೀ ಅಂಗೈಯನ್ನು ಒತ್ತಿಸಿಕೊಂಡ. ಸಹಿ ತನ್ನದಲ್ಲವೆಂದು ಆತ ಮುಂದೆ ತಕರಾರು ತೆಗೆಯದಿರಲಿ ಎಂದು ಹೆದರಿಸುವುದಷ್ಟೇ ಆಗ ಹರ್ಷೆಲ್‌ನ ಉದ್ದೇಶವಾಗಿತ್ತು. ಆದರೆ ಕುತೂಹಲ ಬೆಳೆದು, ಅವನು ವರ್ಷಗಟ್ಟಲೆ ತನ್ನವೂ ಪರಿಚಿತರವೂ ಆದ ಬೆರಳಚ್ಚುಗಳನ್ನು ಸಂಗ್ರಹಿಸಿ, ವಯಸ್ಸಾದರೂ ಗೆರೆಗಳು ಬದಲಾಗುವುದಿಲ್ಲವೆಂಬುದನ್ನು ಕಂಡುಕೊಂಡ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿ ಬಂದಾಗ ಪಿಂಚಣಿದಾರರು, ನೋಂದಣಿಗೆ ಬಂದವರು ಹಾಗೂ ಜೈಲಿನ ಕೈದಿಗಳಿಂದ ಬೆರಳಚ್ಚು ಪಡೆಯುವ ಏರ್ಪಾಡನ್ನು ಜಾರಿಗೆ ತಂದ. ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಎತ್ತುವುದನ್ನು ತಡೆಯಲು ಅಂದು ಹೊಳೆದ ಈ ಉಪಾಯವೇ, ಪಿಂಚಣಿದಾರರು ಬದುಕಿದ್ದಾರೆಂದು ದೃಢೀಕರಿಸಲು 2014ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜೀವನ್ ಪ್ರಮಾಣ್ ಯೋಜನೆಯ ತಿರುಳೂ ಹೌದು.

ಇದೇ ಹೊತ್ತಿಗೆ ಬೇರೆ ಕಡೆಗಳಲ್ಲೂ ಪ್ರಯತ್ನಗಳು ನಡೆದವು. ಟೋಕಿಯೊದಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್ 1880ರಲ್ಲಿ ನೇಚರ್ ಪತ್ರಿಕೆಗೆ ಬರೆದ ಪತ್ರದಲ್ಲಿ, ಅಪರಾಧ ನಡೆದ ಸ್ಥಳದ ಬೆರಳಚ್ಚಿನಿಂದ ಅಪರಾಧಿಯನ್ನು ಹಿಡಿಯಬಹುದೆಂದು ಸೂಚಿಸಿದ. ಪ್ಯಾರಿಸ್‌ನ ಅಲ್ಫಾನ್ಸ್ ಬರ್ತಿಯೋನ್ ತಲೆ, ತೋಳು, ಪಾದ ಮೊದಲಾದ ಹನ್ನೊಂದು ಅಳತೆಗಳಿಂದ ಕೈದಿಗಳನ್ನು ಗುರುತಿಸುವ ದೇಹಮಾಪನ ಪದ್ಧತಿಯನ್ನು ರೂಪಿಸಿದ. ಫ್ರಾನ್ಸಿಸ್ ಗಾಲ್ಟನ್ 1892ರ ತನ್ನ ಗ್ರಂಥದಲ್ಲಿ ಬೆರಳಚ್ಚಿಗೆ ಶಾಸ್ತ್ರದ ಆಧಾರ ಒದಗಿಸಿದ. ಅದೇ ವರ್ಷ ಅರ್ಜೆಂಟೀನಾದಲ್ಲಿ ಹ್ವಾನ್ ವುಸೆಟಿಚ್‌ನ ಪದ್ಧತಿಯಿಂದ ಕೊಲೆಯೊಂದು ಬಯಲಾಯಿತು.

ಆದರೂ ಒಂದು ದೊಡ್ಡ ತೊಡಕು ಉಳಿದಿತ್ತು. ಸಾವಿರಾರು ಹಾಳೆಗಳಲ್ಲಿ ಬೇಕಾದ ಒಂದನ್ನು ಹುಡುಕುವ ಬಗೆ ಯಾವುದು? ಇದನ್ನು ಬಿಡಿಸಿದವರು ಬಂಗಾಳದ ಪೊಲೀಸ್ ಮುಖ್ಯಾಧಿಕಾರಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿಯುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಬೆರಳ ತುದಿಯ ಗೆರೆಗಳು ಮುಖ್ಯವಾಗಿ ಕಮಾನು, ಕುಣಿಕೆ, ಸುರುಳಿ ಎಂಬ ಮೂರು ವಿನ್ಯಾಸಗಳಲ್ಲಿರುತ್ತವೆ. ಹತ್ತು ಬೆರಳುಗಳನ್ನು ಬಲ ಹೆಬ್ಬೆರಳಿನಿಂದ ತೊಡಗಿ ಎಡ ಕಿರುಬೆರಳಿನವರೆಗೆ ಐದು ಜೋಡಿಗಳಾಗಿ ವಿಂಗಡಿಸಿ, ಜೋಡಿಗಳಿಗೆ ಕ್ರಮವಾಗಿ 16, 8, 4, 2, 1 ಎಂಬ ಬೆಲೆಗಳನ್ನು ಕೊಟ್ಟು, ಸುರುಳಿ ಇರುವ ಬೆರಳಿಗೆ ಮಾತ್ರ ಆ ಬೆಲೆಯನ್ನು ಎಣಿಸಲಾಗುತ್ತಿತ್ತು. ಪ್ರತಿ ಜೋಡಿಯ ಎರಡನೆಯ ಬೆರಳುಗಳ ಮೊತ್ತಕ್ಕೆ ಒಂದನ್ನು ಕೂಡಿಸಿ ಮೇಲೆಯೂ, ಮೊದಲನೆಯ ಬೆರಳುಗಳ ಮೊತ್ತಕ್ಕೆ ಒಂದನ್ನು ಕೂಡಿಸಿ ಕೆಳಗೂ ಬರೆದರೆ ದೊರೆಯುವ ಭಿನ್ನಸಂಖ್ಯೆಯೇ ಹಾಳೆಯ ವಿಳಾಸ. ಯಾವ ಬೆರಳಿನಲ್ಲೂ ಸುರುಳಿ ಇಲ್ಲದವನ ಹಾಳೆ 1/1ನೇ ಗೂಡಿಗೆ, ಹತ್ತರಲ್ಲೂ ಇದ್ದವನದು 32/32ನೇ ಗೂಡಿಗೆ ಹೋಗುತ್ತದೆ. ಹೀಗೆ ಒಟ್ಟು 1024 ಗೂಡುಗಳು. ಗಣಕಯಂತ್ರ ಬರುವ ಮುನ್ನ ಅನೇಕ ದೇಶಗಳ ಪೊಲೀಸರು ನೆಚ್ಚಿಕೊಂಡಿದ್ದ ಈ ಜಾಣತನದ ಲೆಕ್ಕಕ್ಕೆ ಹೆನ್ರಿ ಪದ್ಧತಿ ಎಂಬ ಹೆಸರೇ ನಿಂತಿತು. ಹಕ್ ಅವರಿಗೆ ಖಾನ್ ಬಹಾದ್ದೂರ್, ಬೋಸ್ ಅವರಿಗೆ ರಾಯ್ ಬಹಾದ್ದೂರ್ ಬಿರುದುಗಳು ಬಂದವಾದರೂ ಪದ್ಧತಿಯ ಹೆಸರಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ.

1897ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಬೆರಳಚ್ಚು ಕಚೇರಿ ಜಗತ್ತಿನಲ್ಲೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಮರುವರ್ಷ ಜಲ್ಪಾಯಿಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆ ಮೊಕದ್ದಮೆಯಲ್ಲಿ, ಸ್ಥಳದಲ್ಲಿ ಸಿಕ್ಕಿದ ಬಂಗಾಳಿ ಪಂಚಾಂಗದ ಮೇಲಿದ್ದ ಕಂದು ಗುರುತು, ಹಿಂದೆ ಕಳವಿಗೆ ಶಿಕ್ಷೆಯಾಗಿದ್ದ ಮಾಜಿ ಆಳಿನ ಹೆಬ್ಬೆರಳಿನೊಡನೆ ತಾಳೆಯಾಯಿತು. ನ್ಯಾಯಾಲಯ ಆತನನ್ನು ಕಳವಿಗಾಗಿ ಶಿಕ್ಷಿಸಿತೇ ಹೊರತು, ಗುರುತು ಆತ ಅಲ್ಲಿದ್ದನೆಂದು ತೋರಿಸುವಷ್ಟರಿಂದಲೇ ಕೊಲೆಗಾರನೆಂದು ಒಪ್ಪಲಿಲ್ಲ. ಈ ಎಚ್ಚರ ನಂತರದ ಕಾಲದಲ್ಲಿ ಹಲವೆಡೆ ಸಡಿಲವಾಯಿತು ಎನ್ನಬೇಕು. 1901ರಲ್ಲಿ ಹೆನ್ರಿ ಪದ್ಧತಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ಗೆ ತಲುಪಿತು.

ಅಪರಾಧ ಮಾಡಿದವರಿಗಷ್ಟೇ ಈ ಪದ್ಧತಿ ಸೀಮಿತವಾಗಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಎಣಿಸಿತ್ತು. 1911ರ ಕಾಯಿದೆಯು ಅಂಥ ಸಮುದಾಯಗಳಲ್ಲಿ ಹೆಸರು ನೋಂದಾಯಿತರಾದವರ ಬೆರಳಚ್ಚು ಪಡೆಯಲು ಅವಕಾಶ ಮಾಡಿಕೊಟ್ಟಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ, ಹುಬ್ಬಳ್ಳಿಗಳಲ್ಲಿ ಇವರನ್ನು ಕೂಡಿಹಾಕಲು ವಸಾಹತುಗಳನ್ನು ಕಟ್ಟಲಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಬಡಾವಣೆಯ ಹೆಸರಾಗಿ ಈಗಲೂ ಉಳಿದಿದೆ. ಕಾಯಿದೆ ರದ್ದಾದದ್ದು 1952ರಲ್ಲಿ.

ಬೆರಳಚ್ಚಿನ ವಿರುದ್ಧ ಭಾರತೀಯರು ಸಂಘಟಿತರಾಗಿ ಪ್ರತಿಭಟಿಸಿದ ಬಹು ಪ್ರಸಿದ್ಧ ಪ್ರಸಂಗ ನಡೆದದ್ದು ದಕ್ಷಿಣ ಆಫ್ರಿಕದಲ್ಲಿ. ಏಷ್ಯನ್ನರೆಲ್ಲ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಪ್ರಮಾಣಪತ್ರವನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬ ಟ್ರಾನ್ಸ್‌ವಾಲ್ ಸರ್ಕಾರದ ಶಾಸನವನ್ನು ವಿರೋಧಿಸಿ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆಯಿಂದಲೇ ಗಾಂಧೀಜಿಯವರ ಸತ್ಯಾಗ್ರಹದ ಆರಂಭವನ್ನು ಗುರುತಿಸಲಾಗುತ್ತದೆ. ಕುತೂಹಲದ ಸಂಗತಿಯೆಂದರೆ, 1908ರ ಆರಂಭದಲ್ಲಿ ಜನರಲ್ ಸ್ಮಟ್ಸ್‌ನೊಡನೆ ರಾಜಿಯಾದಾಗ ಗಾಂಧೀಜಿ ತಾವಾಗಿಯೇ ಬೆರಳಚ್ಚು ಕೊಡಲು ಒಪ್ಪಿದರು, ಅದಕ್ಕಾಗಿ ಸಿಟ್ಟಿಗೆದ್ದ ಸ್ವಜನರಿಂದ ಏಟೂ ತಿಂದರು. ಒತ್ತಾಯಕ್ಕೆ ಮಣಿಯುವುದು ಬೇರೆ, ಸಮ್ಮತಿಯಿಂದ ಕೊಡುವುದು ಬೇರೆ ಎಂಬುದು ಅವರ ವಾದವಾಗಿತ್ತು. ಕಾಯಿದೆ ರದ್ದಾಗದಿದ್ದಾಗ ಆಗಸ್ಟ್ ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಸುಡಲಾಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರಗಳು ತಾಳೆ ನೋಡುವ ಕೆಲಸವನ್ನು ವಹಿಸಿಕೊಂಡವು. ಯಂತ್ರವು ಗೆರೆ ಕೊನೆಗೊಳ್ಳುವ ಮತ್ತು ಕವಲೊಡೆಯುವ ಬಿಂದುಗಳನ್ನು ಗುರುತಿಸಿ, ಅವುಗಳ ಜಾಗ ಮತ್ತು ದಿಕ್ಕನ್ನು ಅಂಕಿಗಳಾಗಿ ಮಾರ್ಪಡಿಸಿ, ಎರಡು ದಾಖಲೆಗಳ ನಡುವೆ ಎಷ್ಟು ಹೋಲಿಕೆ ಇದೆಯೆಂದು ಲೆಕ್ಕ ಹಾಕುತ್ತದೆ. ಅದರ ಉತ್ತರ ಹೌದು ಅಥವಾ ಅಲ್ಲ ಎಂದಿರದೆ ಒಂದು ಅಂಕವಾಗಿರುತ್ತದೆ, ಎಷ್ಟು ಅಂಕ ಬಂದರೆ ಒಪ್ಪಬೇಕೆಂಬ ಗೆರೆಯನ್ನು ಎಳೆಯುವವರು ಮನುಷ್ಯರು. ಗೆರೆಯನ್ನು ಕೆಳಗಿಳಿಸಿದರೆ ಬೇರೊಬ್ಬನನ್ನು ಇವನೇ ಎಂದು ಒಪ್ಪುವ ತಪ್ಪು ಹೆಚ್ಚುತ್ತದೆ, ಮೇಲೇರಿಸಿದರೆ ನಿಜವಾದವನನ್ನೇ ಅಲ್ಲವೆಂದು ತಳ್ಳಿಹಾಕುವ ತಪ್ಪು ಹೆಚ್ಚುತ್ತದೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಯಂತ್ರ ಆಯ್ದುಕೊಟ್ಟ ಹೋಲಿಕೆಯನ್ನು ತಜ್ಞರೂ ನಂಬಿದ್ದರಿಂದ, ಅಮೆರಿಕದ ಎಫ್‌ಬಿಐ ಆರೆಗಾನ್ ರಾಜ್ಯದ ನಿರಪರಾಧಿ ವಕೀಲನೊಬ್ಬನನ್ನು ಬಂಧನದಲ್ಲಿಟ್ಟು ಕಡೆಗೆ ಕ್ಷಮೆ ಕೇಳಬೇಕಾಯಿತು.

ಭಾರತದಲ್ಲಿ ಈ ಪದ್ಧತಿ ಪೊಲೀಸ್ ಠಾಣೆಯಿಂದ ಪ್ರತಿ ಮನೆಗೂ ತಲುಪಿದ್ದು ಆಧಾರ್ ಮೂಲಕ. 2009ರಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಗಿ, ಬೆಂಗಳೂರಿನ ಇನ್ಫೋಸಿಸ್ ಸಹಸ್ಥಾಪಕ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಆದಿವಾಸಿ ಗ್ರಾಮದಲ್ಲಿ ಮೊದಲ ಸಂಖ್ಯೆಗಳನ್ನು ವಿತರಿಸಲಾಯಿತು. ಹತ್ತು ಬೆರಳು, ಎರಡು ಕಣ್ಣು ಮತ್ತು ಮುಖದ ದಾಖಲೆಗೆ 12 ಅಂಕಿಗಳ ಸಂಖ್ಯೆಯನ್ನು ಕೊಡುವ ಈ ಯೋಜನೆಯಿಂದ, ಯಾವ ಕಾಗದವೂ ಇಲ್ಲದ ಬಡವರಿಗೆ ಬ್ಯಾಂಕ್ ಖಾತೆ ತೆರೆಯುವುದು ಸುಲಭವಾಯಿತು. ಊರು ಬಿಟ್ಟು ದುಡಿಯಲು ಹೋದ ಕೂಲಿಕಾರ ತನ್ನ ಪಾಲಿನ ಪಡಿತರವನ್ನು ಬೇರೆ ರಾಜ್ಯದಲ್ಲೂ ಪಡೆಯುವಂತಾಯಿತು. 2017ರಲ್ಲಿ ಬೆಂಗಳೂರಿನ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಬೌದ್ಧಿಕ ಅಂಗವಿಕಲತೆಯ ಕೆಲವು ಮಕ್ಕಳನ್ನು ನೋಂದಾಯಿಸಲು ಹೋದಾಗ ಅರ್ಜಿ ತಿರಸ್ಕೃತವಾಗಿ, ಅವರು ಮೊದಲೇ ನೋಂದಾಯಿತರಾಗಿದ್ದರೆಂದು ತಿಳಿದು, ಆ ಜಾಡು ಹಿಡಿದು ಅವರ ಮನೆಯವರನ್ನು ಪತ್ತೆಹಚ್ಚಲಾಯಿತು.

ಇದೇ ವ್ಯವಸ್ಥೆ ನ್ಯಾಯಬೆಲೆ ಅಂಗಡಿಯ ಮುಂದೆ ಬೇರೆಯದೇ ರೂಪ ತಾಳುತ್ತದೆ. ಗಾರೆ ಕೆಲಸ, ಕಲ್ಲು ಒಡೆಯುವುದು, ಬೇಸಾಯ ಮೊದಲಾದವುಗಳಲ್ಲಿ ದುಡಿದವರ ಬೆರಳ ಗೆರೆಗಳು ಸವೆದಿರುತ್ತವೆ, ಮುದುಕರ ಚರ್ಮ ಒಣಗಿರುತ್ತದೆ. ಒಂದು ಬೆರಳು ತಾಳೆಯಾಗದಿದ್ದರೆ ಇನ್ನೊಂದನ್ನು ಒತ್ತಿ, ಒರೆಸಿ ಮತ್ತೆ ಒತ್ತಿ, ಸರ್ವರ್ ಇಲ್ಲವೆಂದು ಕೇಳಿಸಿಕೊಂಡು ಬರಿಗೈಲಿ ಹಿಂದಿರುಗುವವರಲ್ಲಿ ಹೆಚ್ಚಿನವರು ಆ ಅಕ್ಕಿಯನ್ನೇ ನೆಚ್ಚಿದವರು. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆಯೇ ದೃಢೀಕರಣ ವಿಫಲವಾಗುವ ಪ್ರಮಾಣದ ಅಂದಾಜುಗಳನ್ನು ಜಾರ್ಖಂಡ್‌ಗೆ ಶೇ. 49, ರಾಜಸ್ಥಾನಕ್ಕೆ ಶೇ. 37, ಗುಜರಾತಿಗೆ ಶೇ. 6 ಎಂದು ಉಲ್ಲೇಖಿಸಿದೆ. ನಕಲಿ ಫಲಾನುಭವಿಗಳನ್ನು ತಡೆದದ್ದರಿಂದ ಆದ ಉಳಿತಾಯವನ್ನು ಸರ್ಕಾರ ರೂಪಾಯಿಗಳಲ್ಲಿ ಲೆಕ್ಕ ಹಾಕಿ ಹೇಳುತ್ತದೆ. ಬರಿಗೈಲಿ ಮರಳಿದವರ ನಷ್ಟವನ್ನು ಅದರ ಪಕ್ಕದಲ್ಲಿಟ್ಟು ನೋಡದ ಹೊರತು ಆ ಲೆಕ್ಕ ಅರ್ಧ ಲೆಕ್ಕವೇ.

ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿದ್ದರಿಂದ ಆ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, 2017ರ ಆಗಸ್ಟ್ 24ರಂದು ಅದು ಮೂಲಭೂತ ಹಕ್ಕೆಂದು ಸರ್ವಾನುಮತದ ತೀರ್ಪು ಬಂತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಆಧಾರ್ ಕಾಯಿದೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಅದನ್ನು ಕೇಳುವುದಕ್ಕೆ ತಡೆ ಹಾಕಿತು, ಯಂತ್ರ ಗುರುತಿಸಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಸೌಲಭ್ಯ ತಪ್ಪಬಾರದೆಂದೂ ಹೇಳಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಬ್ಬರೇ ಕಾಯಿದೆ ಸಂವಿಧಾನಬಾಹಿರವೆಂದು ಭಿನ್ನ ತೀರ್ಪು ಬರೆದರು.

ದಾಖಲೆಗಳ ಕಳವು ಇನ್ನೊಂದು ಅಪಾಯ. 2015ರಲ್ಲಿ ಅಮೆರಿಕದ ಸಿಬ್ಬಂದಿ ಆಡಳಿತ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚುಗಳು ಕಳುವಾದವು. 2023ರಲ್ಲಿ ಕರ್ನಾಟಕದಲ್ಲಿ, ಆಸ್ತಿ ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಬೆಳಕಿಗೆ ಬಂದವು. ಪತ್ರ ತಮ್ಮದೆಂದು ಸಾಬೀತುಪಡಿಸಲು ಜನ ಒತ್ತಿದ ಹೆಬ್ಬೆಟ್ಟೇ ಅವರ ಖಾತೆಯ ಬೀಗದ ಕೈಯಾಗಿತ್ತು. ಬಯೋಮೆಟ್ರಿಕ್ ದಾಖಲೆಯನ್ನು ಬಳಸುವವರು ಬೇಡವೆಂದಾಗ ಮುಚ್ಚಿಡಲು ಪ್ರಾಧಿಕಾರ ಕಲ್ಪಿಸಿರುವ ಲಾಕ್ ಸೌಲಭ್ಯ ಇಂಥ ಮೋಸಕ್ಕೆ ಸದ್ಯದ ಪರಿಹಾರ.

ಬೆರಳಚ್ಚು ಕೊಡುವವನಿಗೆ ತಾನು ಕೊಡುತ್ತಿರುವೆನೆಂಬ ಅರಿವಾದರೂ ಇರುತ್ತದೆ. ಮುಖ ಗುರುತಿಸುವ ಕ್ಯಾಮೆರಾಕ್ಕೆ ಆ ಅರಿವಿನ ಅಗತ್ಯವೂ ಇಲ್ಲ. 2022ರ ಡಿಸೆಂಬರಿನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿ ವಿಮಾನ ನಿಲ್ದಾಣಗಳಲ್ಲಿ ಆರಂಭವಾದ, ಪ್ರಯಾಣಿಕರನ್ನು ಮುಖದಿಂದ ಗುರುತಿಸುವ ಡಿಜಿ ಯಾತ್ರಾ ವ್ಯವಸ್ಥೆ ಸ್ವಇಚ್ಛೆಯದು. ಹಲವು ರಾಜ್ಯಗಳ ಪೊಲೀಸರು ಬಳಸುವ ಕ್ಯಾಮೆರಾಗಳ ವಿಷಯದಲ್ಲಿ ಇಚ್ಛೆಯ ಮಾತೇ ಬರುವುದಿಲ್ಲ. ಐರೋಪ್ಯ ಒಕ್ಕೂಟ 2024ರ ಕೃತಕ ಬುದ್ಧಿಮತ್ತೆ ಕಾಯಿದೆಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಪೊಲೀಸರ ಇಂಥ ಬಳಕೆಗೆ ಮಿತಿ ಹಾಕಿದೆ. ಭಾರತದಲ್ಲಿ 1920ರ ಕೈದಿಗಳ ಗುರುತಿಸುವಿಕೆ ಕಾಯಿದೆಯ ಜಾಗಕ್ಕೆ ಬಂದ 2022ರ ಕಾಯಿದೆಯು ಐರಿಸ್ ದಾಖಲೆ, ಜೈವಿಕ ಮಾದರಿಗಳನ್ನೂ ಸೇರಿಸಿಕೊಂಡು, ಅವನ್ನು 75 ವರ್ಷ ಕಾಯ್ದಿಡಲು ಅವಕಾಶ ನೀಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಯಲ್ಲೇ ಉಳಿಸಿದೆ. ಆಧಾರ್ ಕಾಯಿದೆಯ 47ನೇ ಪ್ರಕರಣವು ಮೊದಲಿಗೆ, ದಾಖಲೆ ದುರ್ಬಳಕೆಯಾದರೆ ನ್ಯಾಯಾಲಯಕ್ಕೆ ದೂರು ಕೊಡುವ ಹಕ್ಕನ್ನು ಪ್ರಾಧಿಕಾರಕ್ಕೆ ಮಾತ್ರ ಇಟ್ಟಿತ್ತು. ಬೆರಳಚ್ಚಿನ ಒಡೆಯನೂ ದೂರು ಕೊಡಬಹುದೆಂದು ಅದಕ್ಕೆ ತಿದ್ದುಪಡಿಯಾದದ್ದು 2019ರಲ್ಲಿ.