ಮಣ್ಣಿನ ಗೋಡೆಯ ಪಾಠಾಂತರಗಳು

ಜನಪದ ಕಾವ್ಯಗಳ ಅಧ್ಯಯನದಲ್ಲಿ ಪಾಠಾಂತರಗಳಿಗೆ ದೊರೆತ ಮನ್ನಣೆ ಜನಪದ ಕಟ್ಟಡ ವಿದ್ಯೆಯ ಅಧ್ಯಯನದಲ್ಲಿ ದೊರೆತಿಲ್ಲ. ಒಂದೇ ಕಾವ್ಯವನ್ನು ಹತ್ತು ಗಾಯಕರು ಹತ್ತು ಬಗೆಯಲ್ಲಿ ಹಾಡಿದರೆ ಅದನ್ನು ಪರಂಪರೆಯ ಜೀವಂತಿಕೆ ಎಂದು ಕೊಂಡಾಡುವ ವಿದ್ವತ್ತು, ಹತ್ತು ಊರುಗಳ ಮಣ್ಣಿನ ಗೋಡೆಗಳು ಹತ್ತು ಬಗೆಯಾಗಿದ್ದರೆ ಅದನ್ನು ಬಡತನದ ಗುರುತೆಂದು ಭಾವಿಸಿ ದಾಟಿಹೋಗಿದೆ. ಗೋಡೆಗೂ ಕರ್ತೃವಿಲ್ಲ; ಕಟ್ಟಿದವರೆಲ್ಲರೂ ಅದನ್ನು ತಿದ್ದಿದವರೇ.

ದಕ್ಷಿಣದ ಬಯಲುಸೀಮೆಯಲ್ಲಿ ಕೆಮ್ಮಣ್ಣಿಗೆ ಹುಲ್ಲು, ಹೊಟ್ಟು ಬೆರೆಸಿ, ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು, ವರಸೆಯ ಮೇಲೆ ವರಸೆ ಇಟ್ಟು ಗೋಡೆ ಏರಿಸುತ್ತಿದ್ದರು. ಕೆಳಗಿನ ವರಸೆ ಒಣಗದೆ ಮೇಲಿನದನ್ನು ಇಡುತ್ತಿರಲಿಲ್ಲ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ನೀರು ಇಳಿಯದಂತೆ ಸವಳು ಮಣ್ಣನ್ನು ಮೇಲೆ ಹರಡಿದರೆ, ಕರಾವಳಿಯಲ್ಲಿ ನೆಲದಿಂದ ಕಡಿದು ತೆಗೆದ ಮುರಕಲ್ಲೇ ಗೋಡೆಯಾಯಿತು. ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಬತ್ತಿಯಂತೆ ಹೊಸೆದು, ಜಿಗುಟೆಷ್ಟು ಮರಳೆಷ್ಟು ಎಂದು ಅಳೆಯುವ ವಿದ್ಯೆ ಬರಹದಲ್ಲಿರಲಿಲ್ಲ, ಕೈಯಲ್ಲಿತ್ತು.

ಈ ಕೈವಿದ್ಯೆಗೆ ಯಂತ್ರದ ನೆರವು ದೊರೆತುದು ದೂರದ ಕೊಲಂಬಿಯಾದಿಂದ. ಬೊಗೊಟಾ ನಗರದ ವಸತಿ ಸಂಶೋಧನಾ ಕೇಂದ್ರದಲ್ಲಿ 1950ರ ದಶಕದಲ್ಲಿ ರಾಉಲ್ ರಾಮಿರೆಜ್ ರೂಪಿಸಿದ 'ಸಿನ್ವಾ-ರಾಮ್' ಎಂಬ ಕೈಯಂತ್ರವು ಉದ್ದನೆಯ ಹಿಡಿಯ ಬಲದಿಂದ ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುತ್ತಿತ್ತು. ಊರ ಕಮ್ಮಾರನೂ ದುರಸ್ತಿ ಮಾಡಬಹುದಾದಷ್ಟು ಸರಳವಾಗಿದ್ದುದರಿಂದ ಅದು ದೇಶದೇಶಗಳಲ್ಲಿ ಹಲವು ರೂಪಗಳನ್ನು ಪಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಇದೇ ಹಾದಿಯಲ್ಲಿ ತನ್ನದೇ ಯಂತ್ರವನ್ನು ರೂಪಿಸಿತು. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟು ಸೇರಿಸಿ, ಒತ್ತಿ, ಸುಡದೆಯೇ ಕೆಲವು ವಾರ ನೀರುಣಿಸಿ ಗಟ್ಟಿಗೊಳಿಸುವ ಕ್ರಮವನ್ನು ಖಚಿತಪಡಿಸಿದರು. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಅರ್ಧಕ್ಕಿಂತ ಕಡಿಮೆ ಇಲ್ಲಿ ಸಾಕು. ಜಿಗುಟು ಮಣ್ಣಾದರೆ ಮರಳು ಬೆರೆಸಬೇಕು, ಇಲ್ಲವೆ ಸುಣ್ಣವನ್ನು ಆಶ್ರಯಿಸಬೇಕು. ಅಂದರೆ ಯಂತ್ರ ಒಂದೇ ಆದರೂ ಪಾಕ ಊರೂರಿಗೆ ಬೇರೆ. ಹಳೆಯ ಅಂಗೈಯ ಪರೀಕ್ಷೆ ಇಲ್ಲಿ ಮತ್ತೆ ಕೆಲಸಕ್ಕೆ ಬಂದಿತು.

ಆದರೆ ಎಲ್ಲ ವಿನ್ಯಾಸವೂ ಬದಲಾವಣೆಯನ್ನು ಸಮನಾಗಿ ಸಹಿಸುವುದಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರವಿತ್ತು. ಸುತ್ತಲಿನ ಆರು ಹಳ್ಳಿಗಳ ಶಕ್ತಿ ಬಳಕೆಯ ಸಮೀಕ್ಷೆಯು ಸೌದೆಯ ಬಹುಪಾಲು ಅಡುಗೆಗೇ ಉರಿಯುತ್ತಿದೆ ಎಂಬುದನ್ನೂ ಅದರ ಹೊರೆಯಲ್ಲಿ ಹೆಂಗಸರ ಪಾಲನ್ನೂ ಕಾಣಿಸಿತು. ಅನಂತರ ಬಂದ 'ಅಸ್ತ್ರ ಒಲೆ'ಗೆ ಮೂರು ಪಾತ್ರೆಗಳ ಬಾಯಿ, ಬೂದಿ ಜಾಲರಿ, ಹೊಗೆಕೊಳವೆ. ಸೌದೆಯ ಉಳಿತಾಯ ಅದರ ಒಳಗಿನ ಅಳತೆಗಳನ್ನೇ ಅವಲಂಬಿಸಿತ್ತು. ಆದುದರಿಂದಲೇ ಅಚ್ಚುಗಳನ್ನಿಟ್ಟು ಕಟ್ಟಿಸುವ ಕ್ರಮ ಬಂದಿತು. ಅಡುಗೆಯವಳಿಗೋ ಒಲೆಯೆಂದರೆ ತನ್ನ ಕೈಯಿಂದಲೇ ಮೆತ್ತಿ, ಮುದ್ದೆಯ ಮಡಕೆಗೆ ತಕ್ಕಂತೆ ಬಾಯಿ ತಿದ್ದಿಕೊಳ್ಳುವ ವಸ್ತು. ದಪ್ಪ ಸೌದೆ ತುರುಕಲು ಬಾಯಿ ಅಗಲಿಸಿದೊಡನೆ ಲೆಕ್ಕ ತಪ್ಪುತ್ತಿತ್ತು. ದೇಶವ್ಯಾಪಿಯಾಗಿ 1983ರಲ್ಲಿ ಆರಂಭವಾಗಿ 2002ರಲ್ಲಿ ನಿಂತ ಸುಧಾರಿತ ಒಲೆಗಳ ಕಾರ್ಯಕ್ರಮವೂ ಈ ತೊಡಕನ್ನು ಎದುರಿಸಿತು. ಇದನ್ನು ಬಳಕೆದಾರರ ಅಜ್ಞಾನವೆಂದು ಬರೆದವರುಂಟು. ಅದು ನ್ಯಾಯವಾದ ಮಾತಲ್ಲ. ಯಾವ ಅಳತೆಯನ್ನು ಮುಟ್ಟಬಾರದು, ಯಾವುದನ್ನು ತಿದ್ದಬಹುದು ಎಂಬ ವಿವರ ಒಲೆಯೊಂದಿಗೆ ಅಡುಗೆಮನೆಯವರೆಗೆ ಪಯಣಿಸಲಿಲ್ಲ.

ಗೋಡೆಯ ವಿಷಯದಲ್ಲಿಯೂ ಒಂದು ನಷ್ಟವನ್ನು ಗುರುತಿಸಬೇಕು. ಮಣ್ಣಿನ ಗೋಡೆಗೆ ಹಬ್ಬದ ಮುನ್ನ ಸಾರಣೆ ಮಾಡಿ, ಬಿರುಕು ಮುಚ್ಚಿ, ಸುಣ್ಣ ಕೆಮ್ಮಣ್ಣು ಬಳಿಯುವ ಕೆಲಸ ಹೆಂಗಸರದು. ಕಟ್ಟಡದ ಆಯುಸ್ಸು ಅವರ ಕೈಯಲ್ಲಿತ್ತು. ಒತ್ತಿದ ಇಟ್ಟಿಗೆಯ ಗೋಡೆ ಆ ವಾರ್ಷಿಕ ಶ್ರಮವನ್ನು ತಗ್ಗಿಸಿತು, ಜೊತೆಗೆ ಆ ಅಧಿಕಾರವನ್ನೂ. ಶ್ರಮ ತಗ್ಗಿದುದಕ್ಕೆ ಯಾರೂ ಮರುಗಲಾರರು. ಇನ್ನೊಂದು ವ್ಯತ್ಯಾಸ ಮನೆ ಬಿದ್ದಾಗಲೇ ಕಾಣುವಂಥದು. ಹಳೆಯ ಮಣ್ಣಿನ ಮನೆ ಕುಸಿದರೆ ಅದೇ ಮಣ್ಣನ್ನು ನೆನೆಹಾಕಿ, ತುಳಿದು, ಅದೇ ಪಾಯದ ಮೇಲೆ ಹೊಸ ಗೋಡೆ ಏರಿಸುತ್ತಿದ್ದರು. ಸಿಮೆಂಟು ಕಂಡ ಮಣ್ಣು ಹಾಗೆ ನೀರಿನಲ್ಲಿ ಕರಗಿ ಕೆಸರಾಗುವುದಿಲ್ಲ.