ಜಡತ್ವ ಎಂಬ ಮಾತು

ಚಿಂತಾಮಣಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವಾಗ ನನಗೆ ತುಂಬಾ ಒದಗಿಬಂದ ಮಾತು ‘ಜಡತ್ವ’. ‘ಜಡ ಅಂದರೆ ಸೋಮಾರಿ ಅಲ್ವಾ ಸಾರ್?’ ಎಂದು ಒಬ್ಬ ಹುಡುಗ ಕೇಳಿದ್ದ. ಸರಿಯಾಗಿಯೇ ಕೇಳಿದ್ದ. ಜಡತ್ವಕ್ಕೆ ಖಗೋಳಶಾಸ್ತ್ರಜ್ಞ ಕೆಪ್ಲರ್ 17ನೇ ಶತಮಾನದಲ್ಲಿ ಆರಿಸಿಕೊಂಡ ‘ಇನರ್ಷಿಯಾ’ ಎಂಬ ಲ್ಯಾಟಿನ್ ಪದಕ್ಕೂ ಸೋಮಾರಿತನವೆಂದೇ ಅರ್ಥ. ವಸ್ತು ತಾನಾಗಿ ಚಲಿಸದು, ನಿಂತುಬಿಡುತ್ತದೆ ಎಂದು ಕೆಪ್ಲರ್ ನಂಬಿದ್ದ. 1687ರಲ್ಲಿ ನ್ಯೂಟನ್ ಅದೇ ಪದಕ್ಕೆ ಹೊಸ ಅರ್ಥ ತುಂಬಿದ: ಚಲಿಸುವುದು ಚಲಿಸುತ್ತಲೇ ಇರುತ್ತದೆ, ಹೊರಗಿನ ಬಲ ತಡೆಯುವವರೆಗೆ.

ಇದನ್ನು ನಾನು ಶಿಡ್ಲಘಟ್ಟದ ಬಸ್ಸಿನಿಂದ ವಿವರಿಸುತ್ತಿದ್ದೆ. ಡ್ರೈವರ್ ಬ್ರೇಕ್ ಒತ್ತುತ್ತಾನೆ. ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಮೂಟೆ ಮುಂದಕ್ಕೆ ಜಾರಿ ಸೀಟಿನ ಕಾಲಿಗೆ ತಗುಲಿ ನಿಲ್ಲುತ್ತದೆ. ಯಾರೂ ತಳ್ಳಿರಲಿಲ್ಲ.

ಹೀಗೆ ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂದು 1918ರಲ್ಲೇ ‘ವಿಜ್ಞಾನ’ ಪತ್ರಿಕೆ ತಂದು ತೋರಿಸಿದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಪತ್ರಿಕೆ ಎರಡೇ ವರ್ಷ ನಡೆಯಿತು. ಆ ಎರಡು ವರ್ಷಕ್ಕೆ ನಾವು ಎಷ್ಟು ಋಣಿಗಳಾದರೂ ಸಾಲದು.

ಆ ಹುಡುಗನಂತೆ ಪ್ರಶ್ನೆ ಕೇಳಬೇಕೆಂದವರು ನಮ್ಮ ಸೀಮೆಯವರೇ ಆದ ಎಚ್. ನರಸಿಂಹಯ್ಯ; ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಅಮೆರಿಕದ ಒಹಾಯೊದಿಂದ ಡಾಕ್ಟರೇಟ್ ಪಡೆದು ಬಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬುದು ಅವರ ನಿಲುವು. ಹಾಗಿದ್ದರೆ ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ ಎಂದು 1905ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ಆಧಾರಭಾವನೆಯನ್ನು, ಅಂದರೆ ಸಾಧಿಸದೆ ಇಟ್ಟುಕೊಂಡ ಮಾತನ್ನು, ಹೇಗೆ ಒಪ್ಪುವುದು? ಅದರಿಂದ ಹೊರಡುವ ಫಲಗಳನ್ನು ಪ್ರಯೋಗಕ್ಕೆ ಒಡ್ಡಿ.

ಮೇಷ್ಟ್ರುಗಳೇ, ವ್ಯಾಖ್ಯೆ ಬಾಯಿಪಾಠ ಮಾಡಿಸುವ ಮೊದಲು ಆ ಪದ ಎಲ್ಲಿಂದ ಬಂತೆಂದು ಮಕ್ಕಳಿಗೆ ಹೇಳಿ.