ಥರ್ಮೋಸ್ಟಾಟ್: ಗೋಡೆಯೊಳಗಿನ ತಂತಿಗಳ ಕಥೆ



ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಕಾದ ಮೇಲೆ ಒಳಗಿನಿಂದ ‘ಟಿಕ್’ ಎಂದು ಸದ್ದಾಗಿ ದೀಪ ಆರುವುದನ್ನು ನೀವು ನೋಡಿಯೇ ಇರುತ್ತೀರಿ. ಸ್ವಲ್ಪ ತಣಿದರೆ ಮತ್ತೆ ‘ಟಿಕ್’, ಮತ್ತೆ ದೀಪ. ಆ ಸದ್ದು ಥರ್ಮೋಸ್ಟಾಟಿನದು. ನಮ್ಮ ಮನೆಗಳಲ್ಲಿ ಇಸ್ತ್ರಿ ಪೆಟ್ಟಿಗೆ, ಗೀಸರ್, ಫ್ರಿಜ್‌ಗಳ ಹೊಟ್ಟೆಯೊಳಗೆ ಅಡಗಿರುವ ಈ ಸಾಧನ, ಅಮೆರಿಕ-ಕೆನಡಾಗಳ ಮನೆಗಳಲ್ಲಿ ಹಜಾರದ ಗೋಡೆಯ ಮೇಲೆ ಯಜಮಾನನಂತೆ ಕೂತಿರುತ್ತದೆ. ಇಡೀ ಮನೆಯ ಚಳಿ, ಸೆಕೆ ಎಲ್ಲ ಅದರ ಕೈಯಲ್ಲೇ.

ಮಕ್ಕಳ ಮನೆಗೆಂದು ಆರು ತಿಂಗಳು ಅಲ್ಲಿಗೆ ಹೋಗಿಬರುವವರು ನಿಮ್ಮಲ್ಲಿ ಎಷ್ಟೋ ಜನ. ಅಲ್ಲಿ ಎಲೆಕ್ಟ್ರಿಷಿಯನ್ನನ್ನು ಕರೆಸುವುದೆಂದರೆ ಜೇಬಿಗೆ ಭಾರ. ಹಾಗಾಗಿ ಹಳೆಯ ಡಬ್ಬಿ ಕಿತ್ತು ಹೊಸ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಕೂಡಿಸಲು ಮಗನೋ ಅಳಿಯನೋ ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ನಿಲ್ಲುತ್ತಾನೆ. ಟಾರ್ಚ್ ಹಿಡಿಯುವ ಕೆಲಸ ಅಪ್ಪನದು, ಅಥವಾ ಮಾವನದು. ಆ ಟಾರ್ಚ್ ಹಿಡಿಯುವವರಿಗಾಗಿಯೇ ಈ ಲೇಖನ. ಡಬ್ಬಿ ಈ ವರ್ಷದ್ದಿರಬಹುದು. ಅದರ ಹಿಂದೆ ಗೋಡೆಯೊಳಗಿರುವ ತಂತಿ ಮಾತ್ರ ಆ ಮನೆ ಕಟ್ಟಿದ ಕಾಲದ್ದು. ಅದು ಯಾವ ಕಾಲದ ತಂತಿ ಎಂದು ತಿಳಿಯದೆ ಕೈಹಾಕುವುದರಲ್ಲೇ ಅಪಾಯವಿರುವುದು. ಆದ್ದರಿಂದ ಮೊದಲು ಚರಿತ್ರೆ, ಆಮೇಲೆ ಸ್ಕ್ರೂಡ್ರೈವರ್!

ಶಾಖವನ್ನು ತಾನಾಗಿಯೇ ಹದದಲ್ಲಿಡುವ ಉಪಾಯ ಹಳೆಯದು. 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡಚ್ಚರವನಾದ ಕಾರ್ನೆಲಿಸ್ ಡ್ರೆಬೆಲ್, ಮೊಟ್ಟೆಗಳನ್ನು ಮರಿಮಾಡುವ ಕಾವುಪೆಟ್ಟಿಗೆಯೊಂದನ್ನು ಮಾಡಿದ್ದ. ಕಾವು ಹೆಚ್ಚಾದರೆ ಅದರೊಳಗಿನ ದ್ರವ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು, ಪಾದರಸ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತಿತ್ತು. 18ನೇ ಶತಮಾನದಲ್ಲಿ ಗಡಿಯಾರಗಾರ ಜಾನ್ ಹ್ಯಾರಿಸನ್, ಹಡಗಿನ ಗಡಿಯಾರಕ್ಕಾಗಿ ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ. ಎರಡೂ ಅಂಟಿಕೊಂಡಿರುವುದರಿಂದ ಪಟ್ಟಿ ಬಾಗಲೇಬೇಕು. ನಮ್ಮ ಇಸ್ತ್ರಿ ಪೆಟ್ಟಿಗೆಯ ‘ಟಿಕ್’ ಹುಟ್ಟುವುದು ಇದೇ ಬಾಗುವಿಕೆಯಿಂದ. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಈ ದ್ವಿಲೋಹ ಪಟ್ಟಿಯಿಂದ ಶಾಖ ನಿಯಂತ್ರಿಸುವ ಸಾಧನಕ್ಕೆ ಪೇಟೆಂಟ್ ಪಡೆದು, ಗ್ರೀಕ್ ಪದಗಳನ್ನು ಜೋಡಿಸಿ ‘ಥರ್ಮೋಸ್ಟಾಟ್’ ಎಂದು ಹೆಸರಿಟ್ಟ. ಇಲ್ಲಿಯವರೆಗೆ ವಿದ್ಯುತ್ತಿನ ಮಾತೇ ಇಲ್ಲ.

ತಂತಿ ಬಂದದ್ದು ಒಬ್ಬ ಮೇಷ್ಟರಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಪಾಠ ಹೇಳುತ್ತಿದ್ದರು. ಚಳಿಗಾಲದಲ್ಲಿ ತರಗತಿಗಳಿಗೆ ಬಿಸಿ ಬರುತ್ತಿದ್ದುದು ನೆಲಮಾಳಿಗೆಯಿಂದ. ಯಾವ ಕೋಣೆ ಎಷ್ಟು ಬೆಚ್ಚಗಿದೆ ಎಂದು ತಿಳಿಯಲು ಶಾಲೆಯ ಜವಾನ ಗಂಟೆಗೊಮ್ಮೆ ಪ್ರತಿ ತರಗತಿಗೂ ಬರಬೇಕು, ಗೋಡೆಯ ಥರ್ಮಾಮೀಟರ್ ನೋಡಬೇಕು, ಕೆಳಗಿಳಿದು ಗಾಳಿಬಾಗಿಲನ್ನು ತೆರೆಯಬೇಕು ಅಥವಾ ಮುಚ್ಚಬೇಕು. ಪಾಠದ ನಡುವೆ ಬಾಗಿಲು ತೆರೆದರೆ ಹುಡುಗರ ಗಮನ ಎಲ್ಲಿ ಹೋಗುತ್ತದೆಂದು ಪಾಠ ಹೇಳಿದವರಿಗೆಲ್ಲ ಗೊತ್ತು! ಈ ಕಿರಿಕಿರಿ ತಪ್ಪಿಸಲು ಜಾನ್ಸನ್ ಕೋಣೆಯಲ್ಲೊಂದು ಶಾಖಸೂಚಕ ಇಟ್ಟು, ಅದರಿಂದ ನೆಲಮಾಳಿಗೆಗೆ ತಂತಿ ಎಳೆದರು. ಕೋಣೆ ಹದ ತಪ್ಪಿದರೆ ಕೆಳಗೆ ಗಂಟೆ ಬಾರಿಸುತ್ತಿತ್ತು, ಜವಾನ ಅಲ್ಲಿಂದಲೇ ಸರಿಪಡಿಸುತ್ತಿದ್ದ. 1883ರಲ್ಲಿ ಇದಕ್ಕೆ ‘ಎಲೆಕ್ಟ್ರಿಕ್ ಟೆಲಿ-ಥರ್ಮೋಸ್ಕೋಪ್’ ಎಂಬ ಉದ್ದನೆಯ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿತು. ಎರಡು ವರ್ಷದ ನಂತರ ಮಿಲ್ವಾಕಿ ನಗರದಲ್ಲಿ ಅವರ ಕಂಪನಿ ಶುರುವಾಯಿತು. ಇಂದಿನ ಜಾನ್ಸನ್ ಕಂಟ್ರೋಲ್ಸ್‌ನ ಮೂಲ ಅದೇ.

ಇಲ್ಲಿ ಜವಾನನ ಕೆಲಸ ಹಗುರವಾಯಿತು, ಹೋಗಲಿಲ್ಲ. ಜವಾನನಿಲ್ಲದ ಮನೆಯಲ್ಲಿ ಏನು ಮಾಡುವುದು? ಅದೇ 1885ರ ಸುಮಾರಿಗೆ ಮಿನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬಟ್ಸ್ ಎಂಬಾತ ಕಲ್ಲಿದ್ದಲು ಒಲೆಯ ಗಾಳಿಬಾಗಿಲಿಗೇ ಸರಪಳಿ ಕಟ್ಟಿದ. ಕೋಣೆ ತಣ್ಣಗಾದಾಗ ಥರ್ಮೋಸ್ಟಾಟ್ ಬ್ಯಾಟರಿಯ ವಿದ್ಯುತ್ತನ್ನು ಹರಿಯಬಿಡುತ್ತಿತ್ತು, ತಡೆ ಕಳಚಿ ಚಕ್ರ ಅರ್ಧ ಸುತ್ತು ತಿರುಗಿ, ಸರಪಳಿ ಬಾಗಿಲನ್ನು ಎತ್ತುತ್ತಿತ್ತು. ಗಾಳಿ ನುಗ್ಗಿ ಬೆಂಕಿ ಏಳುತ್ತಿತ್ತು. ಬೆಚ್ಚಗಾದ ಮೇಲೆ ಇನ್ನರ್ಧ ಸುತ್ತು, ಬಾಗಿಲು ಬಂದ್. ಬಟ್ಸ್‌ನ ಕಂಪನಿ ಕೈ ಬದಲಾಯಿಸುತ್ತ 1927ರಲ್ಲಿ ಮಾರ್ಕ್ ಹನಿವೆಲ್‌ರ ಕಂಪನಿಯೊಡನೆ ಒಂದಾಯಿತು. ಹೆಸರು ಉಳಿದದ್ದು ಹನಿವೆಲ್‌ರದು. ಬಟ್ಸ್ ಯಾರೆಂದು ಇಂದು ಕೇಳುವವರಿಲ್ಲ.

ಒಂದು ವಿಷಯ ಗಮನಿಸಿ. ಆಗ ಹೆಚ್ಚಿನ ಮನೆಗಳಿಗೆ ಕರೆಂಟೇ ಬಂದಿರಲಿಲ್ಲ. ಥರ್ಮೋಸ್ಟಾಟಿನ ತಂತಿಯಲ್ಲಿ ಹರಿದದ್ದು ಬ್ಯಾಟರಿಯ ಕೆಲವೇ ವೋಲ್ಟ್, ಕಾಲಿಂಗ್ ಬೆಲ್ಲಿಗೆ ಸಾಕಾಗುವಷ್ಟು. ಮುಂದೆ ಕರೆಂಟ್ ಬಂದಾಗ ಬ್ಯಾಟರಿಯ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಬಂತು, ತಂತಿ ಸಣ್ಣದೇ ಉಳಿಯಿತು. ಅಲ್ಲಿನ ಬಹುಪಾಲು ಮನೆಗಳಲ್ಲಿ ಇಂದಿಗೂ ಅದು 24 ವೋಲ್ಟ್. ಅಪ್ಪ-ಮಗ ಸೇರಿ ಥರ್ಮೋಸ್ಟಾಟ್ ಬದಲಿಸಬಹುದು ಎನ್ನುವ ಧೈರ್ಯಕ್ಕೆ ಕಾರಣ ಇದೇ. ಆದರೆ ‘ಬಹುಪಾಲು’ ಎಂಬ ಪದದ ಕೆಳಗೆ ಒಂದು ಗೆರೆ ಎಳೆಯಿರಿ.

ಏಕೆಂದರೆ ಮುಂದೆ ಒಲೆಯೇ ಇಲ್ಲದ ಮನೆಗಳೂ ಬಂದವು. ಗೋಡೆಯ ಬುಡದಲ್ಲಿ ಉದ್ದಕ್ಕೆ ಇಟ್ಟ ವಿದ್ಯುತ್ ಹೀಟರ್‌ಗಳ ಮನೆಯಲ್ಲಿ, ಹೀಟರಿನ ಕರೆಂಟು ಥರ್ಮೋಸ್ಟಾಟಿನ ಮೂಲಕವೇ ಹಾದುಹೋಗುತ್ತದೆ. 120 ಅಥವಾ 240 ವೋಲ್ಟ್! ಡಬ್ಬಿ ಬಿಚ್ಚಿದಾಗ ಬಣ್ಣಬಣ್ಣದ ಸಣ್ಣ ತಂತಿಗಳ ಬದಲು ದಪ್ಪನೆಯ ಎರಡೋ ನಾಲ್ಕೋ ತಂತಿ, ತುದಿಗೆ ಪ್ಲಾಸ್ಟಿಕ್ ಟೊಪ್ಪಿಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. 24 ವೋಲ್ಟಿನ ಹೊಸ ಡಬ್ಬಿ ಅದಕ್ಕಲ್ಲ. ಹಾಕಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಇನ್ನೊಂದು ಮಾತು, ವಿಶೇಷವಾಗಿ ನಮ್ಮವರಿಗೆ: ನಮ್ಮ ವೈರಿಂಗಿನಲ್ಲಿ ಕಪ್ಪು ತಂತಿ ಎಂದರೆ ನ್ಯೂಟ್ರಲ್. ಅಮೆರಿಕದ ಮನೆಯ ಮುಖ್ಯ ವೈರಿಂಗಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಊರಿನ ಅಭ್ಯಾಸದ ಮೇಲೆ ಅಲ್ಲಿ ಕೈಯಿಟ್ಟರೆ ಶಾಕ್ ಖಂಡಿತ. ಇದಕ್ಕೆ ವಿರುದ್ಧ ತುದಿಯಲ್ಲಿ, ಕೆಲವು ಹಳೆಯ ಗ್ಯಾಸ್ ಹೀಟರ್‌ಗಳು ತಮ್ಮ ಪುಟ್ಟ ಪೈಲಟ್ ಜ್ವಾಲೆಯ ಶಾಖದಿಂದಲೇ ಮುಕ್ಕಾಲು ವೋಲ್ಟಿನಷ್ಟು ವಿದ್ಯುತ್ ಮಾಡಿಕೊಂಡು ನಡೆಯುತ್ತವೆ. ಅವಕ್ಕೂ 24 ವೋಲ್ಟ್ ಕೊಡಬಾರದು.

ಇನ್ನು ಗುಂಡು ಡಬ್ಬಿಗೆ ಬರೋಣ. 1953ರಲ್ಲಿ ಹನಿವೆಲ್ ಕಂಪನಿ ಟಿ-87 ಎಂಬ ದುಂಡಗಿನ ಥರ್ಮೋಸ್ಟಾಟ್ ಬಿಡುಗಡೆ ಮಾಡಿತು. ರೂಪಿಸಿದವರು ಹೆನ್ರಿ ಡ್ರೆಫಸ್. ಅಮೆರಿಕದ ಪ್ರಸಿದ್ಧ ಕರಿ ಟೆಲಿಫೋನಿಗೂ ಆಕಾರ ಕೊಟ್ಟವರು ಅವರೇ. ಚೌಕನೆಯ ಡಬ್ಬಿ ಗೋಡೆಯ ಮೇಲೆ ಯಾವಾಗಲೂ ಸೊಟ್ಟಗೆ ಕಾಣುತ್ತದೆ, ದುಂಡಗಿನದು ಕಾಣುವುದಿಲ್ಲ ಎಂಬುದು ಆ ಆಕಾರಕ್ಕೆ ಹೇಳುವ ಕಾರಣ. ತಮಾಷೆಯೆಂದರೆ, ಒಳಗೆ ಮಾತ್ರ ಅದು ಸೊಟ್ಟಗಿರುವಂತೆಯೇ ಇಲ್ಲ. ಸುರುಳಿ ಸುತ್ತಿದ ದ್ವಿಲೋಹ ಪಟ್ಟಿಯ ಮೇಲೆ ಗಾಜಿನ ಪುಟ್ಟ ಬುರುಡೆ, ಅದರಲ್ಲಿ ಪಾದರಸದ ಗುಳಿಗೆ. ಬುರುಡೆ ಓರೆಯಾದಾಗ ಪಾದರಸ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ. ಗೋಡೆಯ ಮೇಲೆ ಮಟ್ಟವಾಗಿ ಕೂಡದಿದ್ದರೆ ಮುಳ್ಳು ತೋರಿಸುವುದೊಂದು, ಮನೆಯಲ್ಲಿರುವುದೊಂದು. ಲಕ್ಷಾಂತರ ಮನೆಗಳಿಗೆ ಹೋದ ಈ ಡಬ್ಬಿ ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ವಿನ್ಯಾಸ ಸಂಗ್ರಹಾಲಯದಲ್ಲೂ ಇದೆ. ನೀವು ಕಿತ್ತದ್ದು ಇಂಥದ್ದಾದರೆ ಕಸದ ಬುಟ್ಟಿಗೆ ಹಾಕಬೇಡಿ. ಅದರಲ್ಲಿ ಕೆಲವು ಗ್ರಾಂ ಪಾದರಸವಿದೆ, ಮೊಮ್ಮಕ್ಕಳ ಕೈಗೆ ಸಿಕ್ಕರಂತೂ ಅನಾಹುತ. ಬುರುಡೆ ಒಡೆಯದಂತೆ ಡಬ್ಬದಲ್ಲಿಟ್ಟು, ಹಳೆಯ ಥರ್ಮೋಸ್ಟಾಟ್ ತೆಗೆದುಕೊಳ್ಳುವ ಕೇಂದ್ರಕ್ಕೆ ಒಪ್ಪಿಸಬೇಕು.

ಇದೇ ಕಾಲದಲ್ಲಿ ಮನೆಗಳಿಗೆ ತಂಪು ಮಾಡುವ ಯಂತ್ರವೂ ಬಂತು. ತಂತಿಯ ಗೊಂದಲ ಹುಟ್ಟಿದ್ದು ಆಗಲೇ. ಮೊದಲು ಎರಡೇ ತಂತಿ ಇತ್ತು. ಈಗ ಬಿಸಿಗೊಂದು, ತಂಪಿಗೊಂದು, ಫ್ಯಾನಿಗೊಂದು. ಆದ್ದರಿಂದ ಡಬ್ಬಿಯೊಳಗೆ ಇಂಗ್ಲಿಷ್ ಅಕ್ಷರಗಳು ಬಂದವು: ಕರೆಂಟ್ ಬರುವುದು ‘ಆರ್’, ಬಿಸಿಗೆ ‘ಡಬ್ಲ್ಯು’, ತಂಪಿಗೆ ‘ವೈ’, ಫ್ಯಾನಿಗೆ ‘ಜಿ’, ವಾಪಸು ದಾರಿ ‘ಸಿ’. ತಂತಿಯ ಬಣ್ಣವೂ ಇದೇ ಅಕ್ಷರಗಳನ್ನು ಅನುಸರಿಸಿ ಕೆಂಪು, ಬಿಳಿ, ಹಳದಿ, ಹಸಿರು ಎಂದು ರೂಢಿ. ರೂಢಿ ಮಾತ್ರ! ಮುವ್ವತ್ತು ವರ್ಷದ ಹಿಂದೆ ಯಾವನೋ ಕೆಲಸಗಾರ ತನ್ನ ಬಳಿ ಉಳಿದಿದ್ದ ತಂತಿಯನ್ನು ಸಿಕ್ಕಿಸಿ ಹೋಗಿರಬಹುದು. ಆದ್ದರಿಂದ ಬಣ್ಣವನ್ನು ನಂಬಬೇಡಿ, ತಂತಿ ಯಾವ ಅಕ್ಷರದ ಸ್ಕ್ರೂವಿಗೆ ಸೇರಿತ್ತು ಎಂಬುದನ್ನು ನಂಬಿ. ಹಸಿರು ಕಂಡೊಡನೆ ‘ಅರ್ತ್’ ಎನ್ನುವುದು ನಮ್ಮ ಅಭ್ಯಾಸ. ಇಲ್ಲಿ ಅದು ಫ್ಯಾನ್.

ತಂಪಿನ ಯಂತ್ರ ಆಮೇಲೆ ಬಂದ ಕೆಲವು ಮನೆಗಳಲ್ಲಿ ಅದು ತನ್ನದೇ ಟ್ರಾನ್ಸ್‌ಫಾರ್ಮರನ್ನೂ ತಂದಿರುತ್ತದೆ. ಆಗ ‘ಆರ್’ ಒಂದಲ್ಲ, ಎರಡು: ‘ಆರ್‌ಎಚ್’ ಬಿಸಿಯದು, ‘ಆರ್‌ಸಿ’ ತಂಪಿನದು. ಹೊಸ ಡಬ್ಬಿಯಲ್ಲಿ ಇವೆರಡನ್ನೂ ಸೇರಿಸುವ ಚಿಕ್ಕ ತಂತಿಯ ತುಂಡೊಂದು ಇರಬಹುದು. ಎರಡು ಟ್ರಾನ್ಸ್‌ಫಾರ್ಮರ್ ಇರುವ ಮನೆಯಲ್ಲಿ ಅದನ್ನು ತೆಗೆಯಲೇಬೇಕು, ಇಲ್ಲವಾದರೆ ಎರಡೂ ಒಂದರ ಮೇಲೊಂದು ಬಿದ್ದು ಸುಟ್ಟುಹೋಗುತ್ತವೆ.

ಕೆಲಸದ ಕ್ರಮ ಇಷ್ಟೇ. ಫರ್ನೇಸು ಮತ್ತು ಎಸಿ, ಎರಡರ ಬ್ರೇಕರನ್ನೂ ಆರಿಸಿ. ಮುಚ್ಚಳ ತೆಗೆದು ಮಲ್ಟಿಮೀಟರಿನಿಂದ ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತಂತಿಗಳನ್ನು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಪ್ರತಿ ತಂತಿಗೂ ಅಕ್ಷರದ ಚೀಟಿ ಅಂಟಿಸಿ. ಬಿಚ್ಚಿದ ತಂತಿಗಳನ್ನು ಒಂದು ಪೆನ್ಸಿಲಿಗೆ ಸುತ್ತಿ, ಇಲ್ಲದಿದ್ದರೆ ಅವು ಗೋಡೆಯ ತೂತಿನೊಳಗೆ ಜಾರಿಬಿಟ್ಟು ಭಾನುವಾರವೆಲ್ಲ ಅವನ್ನು ಹುಡುಕುವುದರಲ್ಲೇ ಹೋಗುತ್ತದೆ. ಸ್ಕ್ರೂವಿನ ಹೊರಗೆ ಬರಿ ತಾಮ್ರ ಇಣುಕಬಾರದು. ‘ಆರ್’ ಮತ್ತು ‘ಸಿ’ ತಾಗಿದರೆ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಹಳೆಯ ಫರ್ನೇಸಾದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಕೊನೆಗೆ ಗೋಡೆಯ ತೂತನ್ನು ಮುಚ್ಚಿ. ಅಲ್ಲಿಂದ ಸುಳಿಯುವ ತಣ್ಣನೆಯ ಗಾಳಿ ಡಬ್ಬಿಗೆ ಸುಳ್ಳು ಹೇಳುತ್ತಿರುತ್ತದೆ.

‘ಪ್ರೋಗ್ರಾಮೆಬಲ್’ ಎಂಬುದೂ ಹೊಸದಲ್ಲ. ರಾತ್ರಿ ಶಾಖ ಇಳಿಸಿ ಬೆಳಗಿನ ಜಾವ ಏರಿಸುವ, ಗಡಿಯಾರ ಜೋಡಿಸಿದ ಥರ್ಮೋಸ್ಟಾಟ್‌ಗಳು 20ನೇ ಶತಮಾನದ ಆರಂಭದಲ್ಲೇ ಇದ್ದವು. 1977ರ ಫೆಬ್ರವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ತೊಟ್ಟು ಟಿವಿಯಲ್ಲಿ ಕೂತು, ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ ಎಂದು ಜನರನ್ನು ಕೇಳಿಕೊಂಡರು. ನಮ್ಮ ಲೆಕ್ಕದಲ್ಲಿ ಸುಮಾರು 18 ಮತ್ತು 13. 1995ರಿಂದ ಅಲ್ಲಿನ ಸರ್ಕಾರ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್‌ಗಳಿಗೆ ‘ಎನರ್ಜಿ ಸ್ಟಾರ್’ ಮುದ್ರೆ ಕೊಟ್ಟಿತು, 2009ರ ಕೊನೆಗೆ ಹಿಂತೆಗೆದುಕೊಂಡಿತು. ಯಂತ್ರದಲ್ಲಿ ದೋಷವಿರಲಿಲ್ಲ. ವೇಳಾಪಟ್ಟಿ ತುಂಬುವ ತಾಪತ್ರಯ ಬೇಡವೆಂದು ಅನೇಕರು ‘ಹೋಲ್ಡ್’ ಗುಂಡಿ ಒತ್ತಿ ಸುಮ್ಮನಾಗುತ್ತಿದ್ದರು, ನಿರೀಕ್ಷಿಸಿದ ಉಳಿತಾಯ ಮನೆಗಳಲ್ಲಿ ಕಾಣಲಿಲ್ಲ. ಈ ಸೋಮಾರಿತನಕ್ಕೆ ಔಷಧವೆಂಬಂತೆ 2011ರಲ್ಲಿ ಮನೆಯವರ ಅಭ್ಯಾಸವನ್ನು ತಾನೇ ಕಲಿಯುವ ‘ನೆಸ್ಟ್’ ಬಂತು, ಅದೂ ದುಂಡಗೆ! ಆದರೆ ಪಾದರಸದ ಡಬ್ಬಿಗೆ ಕರೆಂಟೇ ಬೇಕಿರಲಿಲ್ಲ. ಪರದೆ, ವೈಫೈ ಇರುವ ಡಬ್ಬಿಗೆ ದಿನವಿಡೀ ಬೇಕು. ಅದಕ್ಕೇ ಈಗ ಎಲ್ಲರೂ ಆ ‘ಸಿ’ ತಂತಿಯನ್ನು ಹುಡುಕುವುದು. ಹಳೆಯ ಮನೆಯಲ್ಲಿ ಅದು ಬಂದೇ ಇರುವುದಿಲ್ಲ, ಅಥವಾ ಯಾರಿಗೂ ಬೇಡವಾಗಿ ಗೋಡೆಯೊಳಗೆ ಮಡಚಿಕೊಂಡು ಕೂತಿರುತ್ತದೆ. ಇಲ್ಲದಿದ್ದರೆ ಡಬ್ಬಿಯ ಕಂಪನಿ ಒದಗಿಸುವ ಅಡಾಪ್ಟರ್ ಹಾಕಿಸಿ, ಬೇರೆ ತಂತಿಯನ್ನು ತೋಚಿದಂತೆ ತಿರುಗಿಸಬೇಡಿ.

ಅಮೆರಿಕದಿಂದ ಮೊಮ್ಮಗಳು ತಂದ ಇಂಥ ಡಬ್ಬಿಯನ್ನು ಇಲ್ಲಿನ ಫ್ಲಾಟಿನ ಎಸಿಗೆ ಹಾಕಬಹುದೇ ಎಂದು ಹಿರಿಯ ಕೇಳುಗರೊಬ್ಬರು ಬರೆದು ಕೇಳಿದ್ದಾರೆ. ಬೇಡ, ರಾಯರೇ. ನಮ್ಮ ಸ್ಪ್ಲಿಟ್ ಎಸಿಯ ಥರ್ಮೋಸ್ಟಾಟ್ ಯಂತ್ರದೊಳಗೇ ಇದೆ, ಅದನ್ನು ಆಳುವುದು ರಿಮೋಟ್. ಗೋಡೆಯಲ್ಲಿ 24 ವೋಲ್ಟಿನ ತಂತಿ ಇಲ್ಲವೇ ಇಲ್ಲ. ಹೋಟೆಲು, ಆಫೀಸುಗಳ ಗೋಡೆಯಲ್ಲಿ ಥರ್ಮೋಸ್ಟಾಟ್ ಕಾಣುತ್ತದೆ ನಿಜ, ಆದರೆ ಅದರ ಹಿಂದೆ ಎಷ್ಟೋ ಕಡೆ 230 ವೋಲ್ಟ್ ಹರಿಯುತ್ತಿರುತ್ತದೆ. ನಮ್ಮ ಪಾಲಿಗೂ ಒಂದು 24 ಇದೆ: ಸ್ಟಾರ್ ಲೇಬಲ್ ಇರುವ ರೂಂ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿ 1ರಿಂದ ಜಾರಿಯಾಯಿತು. ರಾತ್ರಿ ತಾನಾಗಿಯೇ ಆರಬೇಕೆಂದರೆ ರಿಮೋಟಿನಲ್ಲೇ ಟೈಮರ್ ಇದೆ. ಆ ಡಬ್ಬಿಯನ್ನು ಪ್ಯಾಕ್ ಒಡೆಯದೆ ಇಡಿ, ಮೊಮ್ಮಗಳು ಮುಂದಿನ ಸಲ ಹೊರಟಾಗ ಚಟ್ನಿಪುಡಿಯ ಪಕ್ಕದಲ್ಲಿ ಸೂಟ್‌ಕೇಸಿಗೆ ಸೇರಿಸಿಬಿಡಿ.